ಫಾರಂನಲ್ಲಿ ಕಾಲಂ ಇಲ್ಲದವರ ಪರವಾಗಿ ಒಂದು ಬಹಿರಂಗ ಪತ್ರ

ಗೆ,
ಕಾನೂನು ಮಾಡುವ ಜನಪ್ರತಿನಿಧಿಗಳಿಗೆ,
ಮತ್ತು ಆ ಕಾನೂನಿಗೆ ನಿಯಮ ಬರೆಯುವ ಅಧಿಕಾರಿಗಳಿಗೆ.

ಮಾನ್ಯರೇ, ನಮಸ್ಕಾರ.

ನನ್ನ ಕೆಲಸ ಅರ್ಜಿ ತುಂಬಿಕೊಡುವುದು. ಹೊಸದಾಗಿ ಏನಾದರೂ ಉದ್ಯಮ ಶುರು ಮಾಡುವವರು ನನ್ನ ಬಳಿ ಬರುತ್ತಾರೆ. ಯಾವ ಲೈಸೆನ್ಸ್ ಬೇಕು, ಯಾವ ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ಬೇಕು, ಯಾವುದಾದ ಮೇಲೆ ಯಾವುದು ಅಂತ ನೋಡಿ, ಫಾರಂ ತುಂಬಿ, ದಾಖಲೆ ಜೋಡಿಸಿ ಕೊಡುತ್ತೇನೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಯಿತು. ನಿಮ್ಮ ನಿಯಮಗಳಿಂದಲೇ ನನ್ನ ಮನೆ ನಡೆದಿದೆ. ನಿಯಮ ಕಡಿಮೆಯಾದರೆ ನನಗೆ ಕೆಲಸವೂ ಕಡಿಮೆಯಾಗುತ್ತದೆ. ಆದರೂ ನಿಯಮ ಕಡಿಮೆ ಮಾಡಿ ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಇಷ್ಟು ವರ್ಷ ಕಂಡದ್ದನ್ನು ಇನ್ನು ಒಳಗೇ ಇಟ್ಟುಕೊಳ್ಳಲು ಆಗುತ್ತಿಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಬಂದಿದ್ದ. ನೀರಿನ ಗುಣಮಟ್ಟ ಅಳೆಯುವ ಒಂದು ಪುಟ್ಟ ಉಪಕರಣ ಮಾಡಿದ್ದ. ಅಂಗೈಯಲ್ಲಿ ಹಿಡಿಯುವಷ್ಟು. ಅದನ್ನು ತಯಾರಿಸಿ ಮಾರಬೇಕು ಅನ್ನುವುದು ಅವನ ಆಸೆ. ನಾನು ಫಾರಂ ತೆಗೆದೆ. ‘ಉತ್ಪನ್ನದ ವರ್ಗ’ ಅನ್ನುವ ಕಾಲಂ ಇತ್ತು. ಅದರಲ್ಲಿ ಕೊಟ್ಟಿದ್ದ ಯಾವ ವರ್ಗಕ್ಕೂ ಅವನ ಉಪಕರಣ ಸೇರುತ್ತಿರಲಿಲ್ಲ. ಕಚೇರಿಗೆ ಹೋಗಿ ಕೇಳಿದೆವು. ಹತ್ತಿರದ ವರ್ಗಕ್ಕೆ ಹಾಕಿ ಅಂದರು. ಹತ್ತಿರದ ವರ್ಗ ಅಂದರೆ ಪ್ರಯೋಗಾಲಯದ ದೊಡ್ಡ ಯಂತ್ರಗಳದ್ದು. ಅದಕ್ಕೆ ಇಂತಿಷ್ಟು ಜಾಗ ಇರಬೇಕು, ಇಂತಿಷ್ಟು ಸಿಬ್ಬಂದಿ ಇರಬೇಕು, ಇಂಥ ಪದವಿಯ ಮೇಲ್ವಿಚಾರಕ ಇರಬೇಕು. ಅವನ ಬಳಿ ಇದ್ದದ್ದು ಒಂದು ಕೋಣೆ, ಒಬ್ಬ ಗೆಳೆಯ. ಬೇರೆ ವರ್ಗ ಮಾಡಿಕೊಡಿ ಅಂತ ಅರ್ಜಿ ಹಾಕಿದೆವು. ಕಡತ ಮೇಜಿನಿಂದ ಮೇಜಿಗೆ ಹೋಯಿತು. ‘ಪರಿಶೀಲಿಸಿ ಮಂಡಿಸಿ’ ಅಂತ ಒಂದು ಷರಾ. ‘ಹಿಂದಿನ ಉದಾಹರಣೆ ಇದ್ದರೆ ಲಗತ್ತಿಸಿ’ ಅಂತ ಇನ್ನೊಂದು ಷರಾ. ಹೊಸ ವಸ್ತುವಿಗೆ ಹಿಂದಿನ ಉದಾಹರಣೆ ಎಲ್ಲಿಂದ ತರುವುದು? ಹದಿನಾಲ್ಕು ತಿಂಗಳಾದ ಮೇಲೆ ಅವನು ಫೋನ್ ಮಾಡಿದ. ದೊಡ್ಡ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ, ಅರ್ಜಿ ಬಿಟ್ಟುಬಿಡಿ ಸಾರ್ ಅಂದ.

ಅವನಿಗೆ ಯಾರೂ ಆಗಲ್ಲ ಅನ್ನಲಿಲ್ಲ. ಯಾರೂ ಲಂಚ ಕೇಳಲಿಲ್ಲ. ಆ ಕಚೇರಿಯವರು ನಮ್ಮನ್ನು ಮರ್ಯಾದೆಯಿಂದಲೇ ಮಾತಾಡಿಸಿದರು. ನಿಯಮದಲ್ಲಿ ಏನಿದೆಯೋ ಅದನ್ನೇ ಮಾಡಿದರು. ನನ್ನ ದೂರು ಅವರ ಮೇಲಲ್ಲ, ನಿಯಮವನ್ನು ಹಾಗೆ ಬರೆದವರ ಮೇಲೆ.

ಈ ನಷ್ಟ ಯಾವ ಲೆಕ್ಕದ ಪುಸ್ತಕಕ್ಕೂ ಬರುವುದಿಲ್ಲ. ಕೆಟ್ಟ ವಸ್ತುವೊಂದು ಮಾರುಕಟ್ಟೆಗೆ ಬಂದು ಯಾರಿಗಾದರೂ ತೊಂದರೆಯಾದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಸದನದಲ್ಲಿ ಪ್ರಶ್ನೆ ಏಳುತ್ತದೆ, ಅನುಮತಿ ಕೊಟ್ಟ ಅಧಿಕಾರಿಗೆ ನೋಟಿಸ್ ಹೋಗುತ್ತದೆ. ಒಳ್ಳೆಯ ವಸ್ತುವೊಂದು ಬರದೇ ಹೋದರೆ ಯಾರೂ ಕೇಳುವುದಿಲ್ಲ. ಅದು ಬರಬಹುದಿತ್ತು ಅಂತಲೇ ಯಾರಿಗೂ ಗೊತ್ತಿರುವುದಿಲ್ಲ. ಸಹಿ ಹಾಕಿದರೆ ಅಪಾಯ, ಕಡತ ಕೂರಿಸಿಕೊಂಡರೆ ಏನೂ ಇಲ್ಲ. ಆ ಕುರ್ಚಿಯಲ್ಲಿ ನಾನಿದ್ದರೂ ಬಹುಶಃ ಕೂರಿಸಿಕೊಳ್ಳುತ್ತಿದ್ದೆ. ಒಳ್ಳೆಯ ಮನುಷ್ಯನ ಕೈಯಲ್ಲೂ ಹೀಗೇ ಆಗುತ್ತದೆ ಅಂದಮೇಲೆ ಅಧಿಕಾರಿಯನ್ನು ಬದಲಾಯಿಸಿ ಪ್ರಯೋಜನವಿಲ್ಲ. ‘ಮೊದಲು ಕೇಳು, ಆಮೇಲೆ ಮಾಡು’ ಅನ್ನುವ ಪದ್ಧತಿಯನ್ನೇ ಬದಲಾಯಿಸಬೇಕು.

ನಾನು ಕಂಡದ್ದು ಒಂದು ಸಣ್ಣ ಕೋಣೆಯ ಕಥೆ. ದೊಡ್ಡ ಮಟ್ಟದಲ್ಲೂ ಹೀಗೇ ನಡೆದಿದೆ, ಅದಕ್ಕೆ ದಾಖಲೆಯೂ ಇದೆ. ಅಮೆರಿಕದಲ್ಲಿ 1938ರ ಒಂದು ಕಾನೂನು ವಿಮಾನಯಾನವನ್ನು ಸರ್ಕಾರದ ಕೈಗೆ ಕೊಟ್ಟಿತು. ಯಾವ ಕಂಪನಿ ಯಾವ ಊರಿಗೆ ಹಾರಬೇಕು, ಟಿಕೆಟ್ ದರ ಎಷ್ಟಿರಬೇಕು ಅನ್ನುವುದನ್ನೆಲ್ಲ ಸಿಎಬಿ ಎಂಬ ಮಂಡಳಿ ತೀರ್ಮಾನಿಸುತ್ತಿತ್ತು. ಹೊಸಬರು ಬರಬೇಕಾದರೆ ‘ಸಾರ್ವಜನಿಕರಿಗೆ ಇದರ ಅಗತ್ಯವಿದೆ’ ಅಂತ ತೋರಿಸಬೇಕು. ಹಳಬರು ಬಂದು ಆಕ್ಷೇಪಣೆ ಹಾಕಬಹುದು. 1950ರಿಂದ 1974ರವರೆಗೆ ನಿಗದಿತ ವಿಮಾನ ಸೇವೆ ಶುರು ಮಾಡಲು ಹೊಸ ಕಂಪನಿಗಳಿಂದ 79 ಅರ್ಜಿ ಬಂದವು. ಮಂಡಳಿ ಒಪ್ಪಿದ್ದು ಒಂದನ್ನೂ ಅಲ್ಲ. ಆ ಕಾಲು ಶತಮಾನದಲ್ಲಿ ಜೆಟ್ ವಿಮಾನ ಬಂತು, ಪ್ರಯಾಣಿಕರು ಎಷ್ಟೋ ಪಟ್ಟು ಹೆಚ್ಚಿದರು. ಒಬ್ಬನೇ ಒಬ್ಬ ಹೊಸಬನ ಅಗತ್ಯವೂ ಮಂಡಳಿಗೆ ಕಾಣಲಿಲ್ಲ.

ಇದು ತಪ್ಪು ಅಂತ ಜನರಿಗೆ ಹೇಗೆ ಗೊತ್ತಾಯಿತು ಅನ್ನುವುದನ್ನು ನೀವು ಗಮನಿಸಬೇಕು. ಒಂದು ರಾಜ್ಯದ ಒಳಗೇ ಹಾರುವ ವಿಮಾನಗಳ ಮೇಲೆ ಸಿಎಬಿಗೆ ಅಧಿಕಾರ ಇರಲಿಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾದ ಒಳಗೆ ಸಣ್ಣ ಕಂಪನಿಗಳು ಲಾಸ್ ಏಂಜಲಿಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ತುಂಬ ಕಡಿಮೆ ದರಕ್ಕೆ ಹಾರುತ್ತಿದ್ದವು. ಹೆಚ್ಚುಕಡಿಮೆ ಅಷ್ಟೇ ದೂರದ ಬೋಸ್ಟನ್–ವಾಷಿಂಗ್ಟನ್ ದಾರಿಯಲ್ಲಿ ಮಂಡಳಿ ಕಟ್ಟಿದ ದರ ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಹೋಲಿಸಲು ಬೇಲಿಯ ಹೊರಗೆ ಒಂದು ತುಂಡು ಜಾಗ ಉಳಿದಿದ್ದರಿಂದ ಬೇಲಿಯ ಒಳಗಿನ ನಷ್ಟ ಕಣ್ಣಿಗೆ ಬಿತ್ತು. ಟೆಕ್ಸಾಸ್‌ನಲ್ಲಿ ಸೌತ್‌ವೆಸ್ಟ್ ಎಂಬ ಕಂಪನಿ ರಾಜ್ಯದೊಳಗೆ ಹಾರಲು 1968ರಲ್ಲೇ ಅನುಮತಿ ಪಡೆದಿತ್ತು. ಹಳೆಯ ಕಂಪನಿಗಳು ಕೋರ್ಟಿಗೆ ಹೋದವು. ಮೊದಲ ವಿಮಾನ ಏರಿದ್ದು 1971ರಲ್ಲಿ. ಮೂರು ವರ್ಷ ಅದು ವಕೀಲರಿಗೆ ದುಡ್ಡು ಕೊಟ್ಟುಕೊಂಡು ನೆಲದ ಮೇಲೇ ಇತ್ತು.

1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಕಾರ್ಟರ್ ಆ ಬೇಲಿ ತೆಗೆಯುವ ಕಾನೂನಿಗೆ ಸಹಿ ಹಾಕಿದರು. ಅದಕ್ಕಾಗಿ ದುಡಿದವರಲ್ಲಿ ಒಬ್ಬರು ಸೆನೆಟರ್ ಎಡ್ವರ್ಡ್ ಕೆನಡಿ. ಇನ್ನೊಬ್ಬರು ಆಲ್ಫ್ರೆಡ್ ಕಾನ್, ಅದೇ ಮಂಡಳಿಯ ಅಧ್ಯಕ್ಷರಾಗಿದ್ದವರು. ತಾನು ಕೂತ ಕುರ್ಚಿಯೇ ಬೇಡ ಅಂತ ಹೇಳಿದ ಆ ಅಧಿಕಾರಿಯ ಬಗ್ಗೆ ನನಗೆ ತುಂಬ ಗೌರವ. 1985ರ ಮೊದಲ ದಿನಕ್ಕೆ ಮಂಡಳಿ ಮುಚ್ಚಿಹೋಯಿತು. ಒಂದು ಮಾತು ಮಾತ್ರ ಮರೆಯಬಾರದು. ವಿಮಾನದ ಸುರಕ್ಷತೆ ನೋಡುವ ಇಲಾಖೆಯನ್ನು ಯಾರೂ ಮುಟ್ಟಲಿಲ್ಲ. ಎಂಜಿನ್ ತಪಾಸಣೆ, ಪೈಲಟ್ ಪರೀಕ್ಷೆ ಎಲ್ಲ ಹಾಗೇ ಉಳಿದವು. ಹೋದದ್ದು ದರ ಕಟ್ಟುವ ಅಧಿಕಾರ ಮತ್ತು ಬಾಗಿಲಲ್ಲಿ ತಡೆಯುವ ಅಧಿಕಾರ. ನಿಯಮ ಸಡಿಲಿಸಿ ಅಂದ ಕೂಡಲೇ ‘ಹಾಗಾದರೆ ಜನರ ಪ್ರಾಣ?’ ಅಂತ ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಎರಡೂ ಬೇರೆ ಬೇರೆ ಕೆಲಸ. ಒಂದೇ ಕಡತದಲ್ಲಿ ಕಟ್ಟಿಟ್ಟವರು ನೀವು.

ಇದರಿಂದ ಯಾರಿಗೂ ನೋವಾಗಲಿಲ್ಲ ಅಂತ ನಾನು ಹೇಳುವುದಿಲ್ಲ. ಹಳೆಯ ವಿಮಾನ ಕಂಪನಿಗಳಲ್ಲಿ ಬ್ರಾನಿಫ್ ಮುಚ್ಚಿತು, ಈಸ್ಟರ್ನ್ ಮುಚ್ಚಿತು, ಪ್ಯಾನ್ ಆ್ಯಮ್ 1991ರಲ್ಲಿ ಮುಚ್ಚಿತು. ಅಲ್ಲಿ ದುಡಿಯುತ್ತಿದ್ದವರು ಬೀದಿಗೆ ಬಂದರು. ಅದು ನಿಜವಾದ ಕಷ್ಟ. ಆದರೆ ಅದಕ್ಕೂ ಮುಂಚೆ ನಲವತ್ತು ವರ್ಷ ವಿಮಾನ ಹತ್ತಲು ಕೈಲಾಗದವರ ಕಷ್ಟವೂ ನಿಜವೇ ಅಲ್ವಾ? ಅವರು ಯಾವ ಮೆರವಣಿಗೆಯನ್ನೂ ಮಾಡಲಿಲ್ಲ, ಅಷ್ಟೇ.

ಭಾರತದಲ್ಲಿ ರಾಜಾಜಿಯವರು ಇಂಥದ್ದಕ್ಕೆ ಲೈಸೆನ್ಸ್-ಪರ್ಮಿಟ್ ರಾಜ್ ಅಂತ ಹೆಸರಿಟ್ಟರು. ಕಾರ್ಖಾನೆ ತೆರೆಯಲು ಲೈಸೆನ್ಸ್, ದೊಡ್ಡದು ಮಾಡಲು ಲೈಸೆನ್ಸ್. ಲೈಸೆನ್ಸಿನಲ್ಲಿ ಬರೆದದ್ದಕ್ಕಿಂತ ಜಾಸ್ತಿ ತಯಾರಿಸಿದರೆ ಅದೂ ತಪ್ಪು. ಸ್ಕೂಟರ್‌ಗೆ ಹಣ ಕಟ್ಟಿ ಜನ ವರ್ಷಗಟ್ಟಲೆ ಕಾಯುತ್ತಿದ್ದರು. 1991ರ ಜುಲೈ 24ರ ಕೈಗಾರಿಕಾ ನೀತಿ 18 ಉದ್ಯಮಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಆ ಲೈಸೆನ್ಸ್ ತೆಗೆದುಹಾಕಿತು. ಆಮೇಲಿನದು ನಿಮಗೆ ಗೊತ್ತೇ ಇದೆ.

ಈಗ ನನ್ನ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ದೊಡ್ಡ ಕಂಪನಿಗಳಿಗೆ ನಿಯಮ ಅಂದರೆ ಆಗುವುದಿಲ್ಲ, ಸಣ್ಣವರನ್ನು ಕಾಪಾಡಲೆಂದೇ ನಿಯಮ ಇರುವುದು ಅಂತ ನೀವು ಭಾವಿಸಿದ್ದೀರಿ. ನಾನು ಕಂಡದ್ದು ಇದಕ್ಕೆ ಉಲ್ಟಾ. ದೊಡ್ಡ ಕಂಪನಿಯಲ್ಲಿ ಫಾರಂ ತುಂಬಲೆಂದೇ ಒಂದು ವಿಭಾಗ ಇರುತ್ತದೆ. ಹೊಸ ನಿಯಮ ಬಂದರೆ ಆ ವಿಭಾಗಕ್ಕೆ ಇಬ್ಬರು ಜಾಸ್ತಿ ಬರುತ್ತಾರೆ. ಒಂದು ಕೋಣೆಯಲ್ಲಿ ಇಬ್ಬರೇ ದುಡಿಯುವ ಕಡೆ ಅದೇ ನಿಯಮಕ್ಕಾಗಿ ಒಬ್ಬ ಕೆಲಸ ಬಿಟ್ಟು ಕಚೇರಿ ಅಲೆಯಬೇಕು. ಅಂದರೆ ಅರ್ಧ ಉದ್ಯಮವೇ ನಿಂತಂತೆ. ಹಾಗಾಗಿ ಕರಡು ನಿಯಮದ ಮೇಲೆ ಸಲಹೆ ಕೊಡಿ ಅಂದಾಗ ಮೊದಲು ಬರುವವರು ದೊಡ್ಡವರು, ‘ಇನ್ನೂ ಬಿಗಿ ಮಾಡಿ’ ಅನ್ನುವವರೂ ಅನೇಕ ಸಲ ಅವರೇ.

ಅಮೆರಿಕದ ಲೂಸಿಯಾನ ರಾಜ್ಯದ ಮಠದ ಕಥೆ ನಿಮಗೆ ಹೇಳಲೇಬೇಕು. ಅಲ್ಲಿ ಸೇಂಟ್ ಜೋಸೆಫ್ ಆಬಿ ಎಂಬ ಕ್ರೈಸ್ತ ಮಠವಿದೆ. 2005ರ ಕತ್ರಿನಾ ಚಂಡಮಾರುತಕ್ಕೆ ಮಠದ ಕಾಡಿನ ಮರಗಳು ಉರುಳಿದವು. ಮಠದ ಸನ್ಯಾಸಿಗಳು ತಮ್ಮವರನ್ನು ಹೂಳಲು ಸರಳವಾದ ಮರದ ಪೆಟ್ಟಿಗೆ ಮಾಡಿಕೊಳ್ಳುತ್ತಿದ್ದರು. ಅದನ್ನೇ ಹೊರಗಿನವರಿಗೂ ಮಾರೋಣ ಅಂತ ಹೊರಟರು. ರಾಜ್ಯದ ಮಂಡಳಿ ತಡೆಯಿತು. ಶವಪೆಟ್ಟಿಗೆ ಮಾರಬೇಕಾದರೆ ಅಂತ್ಯಕ್ರಿಯೆ ನಡೆಸುವ ಸಂಸ್ಥೆಯ ಲೈಸೆನ್ಸ್ ಬೇಕು. ಅದಕ್ಕೆ ಮೂವತ್ತು ಜನ ಕೂರುವ ಹಾಲ್ ಬೇಕು, ಶವಕ್ಕೆ ಮದ್ದು ತುಂಬುವ ಕೋಣೆ ಬೇಕು, ಪೂರ್ಣಾವಧಿಯ ಲೈಸೆನ್ಸ್‌ದಾರ ನಿರ್ದೇಶಕ ಬೇಕು. ಬರೀ ಮರಗೆಲಸ ಮಾಡುವವರಿಗೆ ಇಷ್ಟೆಲ್ಲ! ಆ ರಾಜ್ಯದಲ್ಲಿ ಶವವನ್ನು ಪೆಟ್ಟಿಗೆಯಲ್ಲೇ ಹೂಳಬೇಕು ಅನ್ನುವ ಕಾನೂನೇ ಇರಲಿಲ್ಲ. ಬೇರೆ ರಾಜ್ಯದಿಂದ ಪೆಟ್ಟಿಗೆ ತರಿಸಿಕೊಳ್ಳಲೂ ಅಡ್ಡಿ ಇರಲಿಲ್ಲ.

ಆ ಮಂಡಳಿಯಲ್ಲಿ ಒಂಬತ್ತು ಸ್ಥಾನ. ಎಂಟರಲ್ಲಿ ಕೂರಬೇಕಾದವರು ಅದೇ ಉದ್ಯಮದ ಲೈಸೆನ್ಸ್‌ದಾರರು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಸನ್ಯಾಸಿಗಳು ಕೋರ್ಟಿಗೆ ಹೋದರು. 2013ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಒಂದು ಉದ್ಯಮದವರ ಆದಾಯ ಕಾಯುವುದಷ್ಟೇ ಗುರಿಯಾದರೆ ಅದು ಸರ್ಕಾರದ ನ್ಯಾಯವಾದ ಕೆಲಸವಲ್ಲ ಅನ್ನುವುದು ಆ ತೀರ್ಪಿನ ಸಾರ. ಆ ತೀರ್ಪನ್ನು ಓದುವಾಗ ನನಗೆ ನೆನಪಾದದ್ದು ಆ ಹುಡುಗ. ಅವನಿಗೂ ಜಾಗ ಕೇಳಿದ್ದರು, ಸಿಬ್ಬಂದಿ ಕೇಳಿದ್ದರು, ಮೇಲ್ವಿಚಾರಕನನ್ನು ಕೇಳಿದ್ದರು. ಉಪಕರಣ ಸರಿಯಾಗಿ ಅಳೆಯುತ್ತದೆಯೇ ಅಂತ ಒಬ್ಬರೂ ಕೇಳಿರಲಿಲ್ಲ.

ಹಾಗಾದರೆ ನಿಯಮವೇ ಬೇಡವೇ? ಬೇಕು. ಒಳ್ಳೆಯ ನಿಯಮ ಹೇಗಿರುತ್ತದೆ ಅನ್ನುವುದಕ್ಕೆ ಸರ್ಕಾರಗಳೇ ಮಾಡಿದ ಎರಡು ಕೆಲಸವನ್ನು ನಿಮ್ಮ ಮುಂದಿಡುತ್ತೇನೆ.

ರೇಡಿಯೊ ತರಂಗ ಬಳಸಲು ಸಾಮಾನ್ಯವಾಗಿ ಲೈಸೆನ್ಸ್ ಬೇಕು. ಇಂಥ ತರಂಗ ಇಂಥವರಿಗೆ, ಇಂಥ ಕೆಲಸಕ್ಕೆ ಅಂತ ಹಂಚಿರುತ್ತಾರೆ. ಅಮೆರಿಕದ ಸಂಪರ್ಕ ಆಯೋಗವಾದ ಎಫ್‌ಸಿಸಿಯಲ್ಲಿ ಮೈಕಲ್ ಮಾರ್ಕಸ್ ಎಂಬ ಎಂಜಿನಿಯರ್ ಇದ್ದರು. ಮೈಕ್ರೋವೇವ್ ಒಲೆಗಳಂಥ ಯಂತ್ರಗಳಿಗೆ ಬಿಟ್ಟುಕೊಟ್ಟಿದ್ದ ಕೆಲವು ತರಂಗ ಪಟ್ಟಿಗಳಿದ್ದವು. ಗದ್ದಲ ಜಾಸ್ತಿ ಅಂತ ಸಂಪರ್ಕಕ್ಕೆ ಅವು ಯಾರಿಗೂ ಬೇಡವಾಗಿದ್ದವು. ಅವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಡೋಣ ಅಂತ ಮಾರ್ಕಸ್ ವಾದಿಸಿದರು. ಇದ್ದ ಉದ್ಯಮದವರು ಬಹಳಷ್ಟು ಜನ ವಿರೋಧಿಸಿದರು. 1985ರ ಮೇ ತಿಂಗಳಲ್ಲಿ ಆಯೋಗ ಒಪ್ಪಿತು. ಷರತ್ತು ಸ್ವಲ್ಪವೇ. ಶಕ್ತಿ ಒಂದು ವಾಟ್ ದಾಟಬಾರದು, ಬೇರೆಯವರ ಸೇವೆಗೆ ತೊಂದರೆ ಕೊಡಬಾರದು, ಬೇರೆಯವರಿಂದ ಬರುವ ತೊಂದರೆಯನ್ನು ಸಹಿಸಿಕೊಳ್ಳಬೇಕು. ಏನು ಮಾಡುತ್ತೀರಿ, ಯಾರಿಗೆ ಮಾರುತ್ತೀರಿ, ಇದರ ಅಗತ್ಯ ಏನು ಅಂತ ಆಯೋಗ ಕೇಳಲೇ ಇಲ್ಲ.

ಎನ್‌ಸಿಆರ್ ಎಂಬ ಕಂಪನಿ ಅಂಗಡಿಗಳ ಬಿಲ್ಲಿಂಗ್ ಯಂತ್ರಗಳನ್ನು ತಂತಿಯಿಲ್ಲದೆ ಜೋಡಿಸಲು ಆ ಜಾಗಕ್ಕೆ ಬಂತು. ಎಲ್ಲರ ಯಂತ್ರಗಳೂ ಒಂದೇ ಭಾಷೆ ಆಡಲಿ ಅಂತ ಎಂಜಿನಿಯರ್‌ಗಳು ಕೂತು 1997ರಲ್ಲಿ ಒಂದು ಮಾನದಂಡ ಮಾಡಿದರು. 1999ರಲ್ಲಿ ಅದಕ್ಕೆ ವೈ-ಫೈ ಅಂತ ಹೆಸರು ಬಂತು. ಬ್ಲೂಟೂತ್ ಕೂಡ ಅದೇ ಜಾಗದಲ್ಲಿ ಬೆಳೆದದ್ದು. 1985ರಲ್ಲಿ ಯಾರಾದರೂ ‘ವೈ-ಫೈಗೆ ಲೈಸೆನ್ಸ್ ಕೊಡಿ’ ಅಂತ ಅರ್ಜಿ ಹಾಕಲು ಸಾಧ್ಯವಿತ್ತೇ? ಆ ಹೆಸರೇ ಇರಲಿಲ್ಲ. ಯಾವ ಫಾರಂನಲ್ಲೂ ಅದಕ್ಕೆ ಕಾಲಂ ಇರಲಿಲ್ಲ. ಕಾಲಂ ಬೇಡ ಅಂತ ಬಿಟ್ಟದ್ದರಿಂದಲೇ ಅದು ಬಂತು.

ಎರಡನೆಯದು ಹೊಗೆಯ ವಿಷಯ. ಇದು ನನಗೆ ಇನ್ನೂ ಇಷ್ಟವಾದ ಉದಾಹರಣೆ. ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುವಾಗ ಗಂಧಕದ ಹೊಗೆ ಏಳುತ್ತದೆ, ಅದರಿಂದ ಆಮ್ಲ ಮಳೆ ಬೀಳುತ್ತದೆ. ಇದು ನಿಜವಾದ ಹಾನಿ. ಹೊಗೆ ಬಿಡುವವನೊಬ್ಬ, ಅನುಭವಿಸುವವನು ಇನ್ನೊಬ್ಬ. ಇಲ್ಲಿ ಸರ್ಕಾರ ಬರಲೇಬೇಕು. ಅಮೆರಿಕದಲ್ಲಿ ಶುದ್ಧ ಗಾಳಿಯ ಕಾಯಿದೆಗೆ 1977ರಲ್ಲಿ ಮಾಡಿದ ತಿದ್ದುಪಡಿಯಿಂದ ಹೊಸ ಸ್ಥಾವರಗಳೆಲ್ಲ ಸ್ಕ್ರಬ್ಬರ್ ಎಂಬ ಹೊಗೆ ತೊಳೆಯುವ ದುಬಾರಿ ಯಂತ್ರ ಹಾಕಲೇಬೇಕಾಯಿತು. ಗಂಧಕ ಕಡಿಮೆ ಇರುವ ಕಲ್ಲಿದ್ದಲನ್ನೇ ತಂದು ಸುಟ್ಟರೂ ಬಿಡುವಂತಿರಲಿಲ್ಲ. ಗಂಧಕ ಜಾಸ್ತಿ ಇರುವ ಪೂರ್ವದ ಗಣಿಗಳಿಗೆ ಇದರಿಂದ ಅನುಕೂಲವಾಯಿತು.

1990ರಲ್ಲಿ ದಾರಿ ಬದಲಾಯಿತು. ವಿದ್ಯುತ್ ಸ್ಥಾವರಗಳೆಲ್ಲ ಸೇರಿ ಒಟ್ಟು ಇಷ್ಟೇ ಗಂಧಕ ಬಿಡಬಹುದು ಅಂತ ಸರ್ಕಾರ ಮಿತಿ ಹಾಕಿತು. ಹೇಗೆ ಇಳಿಸುತ್ತೀರೋ ನಿಮಗೆ ಬಿಟ್ಟದ್ದು ಅಂದಿತು. ಜಾಸ್ತಿ ಇಳಿಸಿದವರು ತಮ್ಮ ಪಾಲಿನ ಉಳಿಕೆಯನ್ನು ಬೇರೆಯವರಿಗೆ ಮಾರಬಹುದು. ಪ್ರತಿ ಚಿಮಣಿಗೂ ಅಳತೆ ಯಂತ್ರ, ಮಿತಿ ಮೀರಿದರೆ ದಂಡ. ಮೊದಲ ಹಂತ 1995ರಲ್ಲಿ ಶುರುವಾಯಿತು, ಆ ವರ್ಷವೇ ಹೊಗೆ ಮಿತಿಗಿಂತ ಕೆಳಗೆ ಇಳಿಯಿತು. ಖರ್ಚು ಮೊದಲು ಅಂದಾಜು ಮಾಡಿದ್ದಕ್ಕಿಂತ ತುಂಬ ಕಡಿಮೆ ಬಂತು. ಇದಕ್ಕೆ ಒಂದು ದೊಡ್ಡ ಕಾರಣ ರೈಲು. 1980ರ ಸ್ಟ್ಯಾಗರ್ಸ್ ಕಾಯಿದೆ ರೈಲು ಕಂಪನಿಗಳಿಗೆ ಸಾಗಣೆ ದರವನ್ನು ತಾವೇ ಕಟ್ಟುವ ಸ್ವಾತಂತ್ರ್ಯ ಕೊಟ್ಟಿತ್ತು. ಸಾಗಣೆ ಅಗ್ಗವಾಯಿತು. ವಯೋಮಿಂಗ್ ಕಡೆಯ ಗಂಧಕ ಕಡಿಮೆ ಇರುವ ಕಲ್ಲಿದ್ದಲು ದೂರದ ಸ್ಥಾವರಗಳಿಗೂ ಕಡಿಮೆ ಖರ್ಚಿನಲ್ಲಿ ಬರತೊಡಗಿತು. ರೈಲು ದರದ ನಿಯಮ ತೆಗೆದದ್ದರಿಂದ ಆಮ್ಲ ಮಳೆ ಕಡಿಮೆಯಾಗುತ್ತದೆ ಅಂತ 1980ರಲ್ಲಿ ಯಾವ ಸಮಿತಿ ತಾನೇ ಹೇಳಬಹುದಿತ್ತು? ನಿಮ್ಮ ಬುದ್ಧಿ ಕಡಿಮೆ ಅಂತ ನಾನು ಹೇಳುತ್ತಿಲ್ಲ. ಒಂದು ಕೋಣೆಯಲ್ಲಿ ಕೂತು ಇಷ್ಟನ್ನೆಲ್ಲ ಮುಂಚೆಯೇ ಕಾಣಲು ಯಾರಿಂದಲೂ ಆಗುವುದಿಲ್ಲ. ಅದಕ್ಕೇ ದಾರಿಯನ್ನು ನೀವು ಹೇಳಬೇಡಿ, ಮುಟ್ಟಬೇಕಾದ ಜಾಗವನ್ನಷ್ಟೇ ಹೇಳಿ ಅಂತ ಕೇಳುತ್ತಿದ್ದೇನೆ.

ಮೊದಲೇ ಅನುಮತಿ ಬೇಕಾದ ವಿಷಯಗಳೂ ಇವೆ. ಅದನ್ನು ಒಪ್ಪದಿದ್ದರೆ ನಾನು ಪ್ರಾಮಾಣಿಕನಲ್ಲ. 1960ರಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ವೈದ್ಯೆ ಅಮೆರಿಕದ ಔಷಧ ಇಲಾಖೆಗೆ ಆಗಷ್ಟೇ ಸೇರಿದ್ದರು. ಥಾಲಿಡೊಮೈಡ್ ಎಂಬ ಔಷಧದ ಅರ್ಜಿ ಅವರ ಮೇಜಿಗೆ ಬಂತು. ಕಂಪನಿ ಒತ್ತಾಯ ಮಾಡಿದರೂ ಇನ್ನೂ ಪುರಾವೆ ಬೇಕು ಅಂತ ಅವರು ಪಟ್ಟು ಹಿಡಿದರು. ಬೇರೆ ದೇಶಗಳಲ್ಲಿ ಆ ಔಷಧದಿಂದ ಸಾವಿರಾರು ಮಕ್ಕಳು ಅಂಗ ಊನವಾಗಿ ಹುಟ್ಟಿದರು. ಹೀಗೆ ಒಮ್ಮೆ ಆದರೆ ತಿದ್ದಲಾಗದ ಹಾನಿಗೆ ಮೊದಲೇ ತಡೆ ಬೇಕು. ಕೆಲ್ಸಿ ಕೇಳಿದ್ದು ಔಷಧದ ಬಗ್ಗೆ, ಕಂಪನಿಗೆ ಎಷ್ಟು ದೊಡ್ಡ ಹಾಲ್ ಇದೆ ಅಂತಲ್ಲ. ಆದರೆ ಅವರ ಹೆಸರಿನ ನೆರಳಿನಲ್ಲಿ ಶವಪೆಟ್ಟಿಗೆಗೂ ಲೈಸೆನ್ಸ್, ಜಡೆ ಹೆಣೆಯಲೂ ಲೈಸೆನ್ಸ್ ಅಂದರೆ ಅದು ಅವರಿಗೆ ಮಾಡುವ ಅವಮಾನ.

ಬೇಲಿ ಹಾಕಿದವರೇ ಕೊನೆಗೆ ಬೇಲಿಯ ಒಳಗಿದ್ದವರಿಗೂ ಮೋಸ ಮಾಡುತ್ತಾರೆ. ನ್ಯೂಯಾರ್ಕ್ ನಗರ 1937ರಲ್ಲಿ ಟ್ಯಾಕ್ಸಿ ಪರ್ಮಿಟ್‌ಗಳ ಸಂಖ್ಯೆಗೆ ಮಿತಿ ಹಾಕಿತು. ಕೊರತೆಯಿಂದ ಪರ್ಮಿಟ್‌ನ ಬೆಲೆ ಏರುತ್ತಾ ಹೋಗಿ 2014ರ ಹೊತ್ತಿಗೆ ಹತ್ತು ಲಕ್ಷ ಡಾಲರ್ ದಾಟಿತು. ನಗರವೇ ಹರಾಜು ಹಾಕಿ ಮಾರಿ ಹಣ ಮಾಡಿಕೊಂಡಿತು. ವಲಸೆ ಬಂದ ಎಷ್ಟೋ ಚಾಲಕರು ಜೀವಮಾನದ ಸಾಲ ಮಾಡಿ ಕೊಂಡರು. ಆ್ಯಪ್ ಟ್ಯಾಕ್ಸಿ ಬಂದ ಮೇಲೆ ಆ ಬೆಲೆ ಕುಸಿಯಿತು. ನಾನು ಪೈಪೋಟಿಯ ಪರ ಇದ್ದೇನೆ, ಆದರೂ ಆ ಚಾಲಕರ ಮೇಲೆ ನನಗೆ ಸಿಟ್ಟಿಲ್ಲ. ಅವರು ನಂಬಿದ್ದು ಸರ್ಕಾರದ ಮುದ್ರೆಯನ್ನು. ಕೃತಕ ಕೊರತೆಯನ್ನು ಆಸ್ತಿ ಅಂತ ಮಾರಿದವರು ಅವರಿಗೆ ಉತ್ತರ ಕೊಡಬೇಕಿತ್ತು.

ಇನ್ನು ಸಬ್ಸಿಡಿಯ ಮಾತು. ಮಾರುಕಟ್ಟೆಯ ಪರ ಮಾತಾಡುವವರೆಲ್ಲ ಕಂಪನಿಗಳ ಪರ ಅಂತ ಜನ ತಿಳಿಯುತ್ತಾರೆ. ನಾನು ಹಾಗಲ್ಲ. ಸಣ್ಣವನಿಗೆ ಫಾರಂ, ದೊಡ್ಡವನಿಗೆ ಖಜಾನೆ ಅನ್ನುವ ಪದ್ಧತಿ ನನಗೆ ಸಹಿಸಲಾಗದ್ದು. 2008ರಲ್ಲಿ ಅಮೆರಿಕದ ಸರ್ಕಾರ ಬ್ಯಾಂಕುಗಳು ಮುಳುಗದಂತೆ 70,000 ಕೋಟಿ ಡಾಲರ್‌ವರೆಗೆ ಖರ್ಚು ಮಾಡಲು ಒಪ್ಪಿಗೆ ಪಡೆಯಿತು. ಲಾಭ ಬಂದ ವರ್ಷಗಳಲ್ಲಿ ಬೋನಸ್ ಅವರದ್ದು, ನಷ್ಟ ಬಂದ ವರ್ಷ ಜನರದ್ದು. ಉಂಡೂ ಹೋದ, ಕೊಂಡೂ ಹೋದ ಅನ್ನುವುದು ಇದಕ್ಕೇ. ಸೋಲಲು ಬಿಡದಿದ್ದರೆ ಅದು ಮಾರುಕಟ್ಟೆಯೇ ಅಲ್ಲ.

ಯಾವುದು ಗೆಲ್ಲುತ್ತದೆ ಅಂತ ನೀವೇ ಆರಿಸಲು ಹೋದಾಗ ಏನಾಯಿತು ಅಂತಲೂ ನೋಡಿ. 1960ರ ದಶಕದ ಮೊದಲಲ್ಲಿ ಜಪಾನಿನ ವಾಣಿಜ್ಯ ಇಲಾಖೆ ಕಾರು ಕಂಪನಿಗಳು ಹೆಚ್ಚಾದವು, ಹೊಸಬರು ಬೇಡ ಅಂತ ಮಸೂದೆ ತರಲು ಹೊರಟಿತು. ಆಗ ಹೋಂಡಾ ಬರೀ ಬೈಕ್ ಕಂಪನಿ. ಸೊಯಿಚಿರೊ ಹೋಂಡಾ ಜಗಳಕ್ಕೆ ನಿಂತರು. ಕಾನೂನು ಬರುವ ಮೊದಲೇ ಬಾಗಿಲು ದಾಟಬೇಕು ಅಂತ 1963ರಲ್ಲಿ ಅವಸರದಲ್ಲೇ ಒಂದು ಸಣ್ಣ ಟ್ರಕ್, ಒಂದು ಕಾರು ಹೊರತಂದರು. ಮಸೂದೆ ಬಿದ್ದುಹೋಯಿತು, ಹೋಂಡಾ ಉಳಿಯಿತು. ಬ್ರಿಟನ್ ಮತ್ತು ಫ್ರಾನ್ಸ್ ಸರ್ಕಾರಗಳು 1962ರಲ್ಲಿ ಒಪ್ಪಂದ ಮಾಡಿಕೊಂಡು ಜನರ ಹಣದಲ್ಲಿ ಶಬ್ದಕ್ಕಿಂತ ವೇಗವಾಗಿ ಹಾರುವ ಕಾಂಕಾರ್ಡ್ ವಿಮಾನ ಮಾಡಿದವು. ಎಂಜಿನಿಯರ್‌ಗಳ ಕೈಚಳಕದಲ್ಲಿ ಅದಕ್ಕೆ ಸಾಟಿ ಇರಲಿಲ್ಲ. ಆದರೆ ಪ್ರಯಾಣಿಕರ ಸೇವೆಗೆ ಬಂದದ್ದು 14 ವಿಮಾನ, ಕೊಂಡದ್ದು ಆ ಎರಡೇ ದೇಶಗಳ ಕಂಪನಿಗಳು. 2003ಕ್ಕೆ ನಿಂತುಹೋಯಿತು.

ಸಬ್ಸಿಡಿ ತೆಗೆದರೆ ಎಲ್ಲರೂ ಹಾಳಾಗುತ್ತಾರೆ ಅಂತ ಹೆದರುವವರಿಗೆ ನ್ಯೂಜಿಲೆಂಡ್ ಇದೆ. 1984ರಲ್ಲಿ ಅಲ್ಲಿ ಬಂದದ್ದು ಕಾರ್ಮಿಕರ ಪಕ್ಷದ ಸರ್ಕಾರ. ರೋಜರ್ ಡಗ್ಲಸ್ ಹಣಕಾಸು ಸಚಿವರು. ರೈತರ ಸಬ್ಸಿಡಿಯನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದರು. ನೂರಕ್ಕೆ ಹತ್ತು ಜಮೀನು ಮುಳುಗುತ್ತವೆ ಅಂತ ಅಂದಾಜಿತ್ತು. ಮುಳುಗಿದ್ದು ನೂರಕ್ಕೆ ಒಂದರ ಆಸುಪಾಸು. ಮೊದಲ ವರ್ಷಗಳು ತುಂಬ ಕಷ್ಟದವು, ಜಮೀನಿನ ಬೆಲೆ ಬಿತ್ತು. ಆಮೇಲೆ ಸಬ್ಸಿಡಿಗಾಗಿ ಸಾಕಿದ್ದ ಕುರಿಗಳ ಸಂಖ್ಯೆ ಇಳಿಯಿತು, ಕೊಳ್ಳುವವರಿಗೆ ಬೇಕಾದ ಹಾಲಿನ ಕಡೆಗೆ ಜನ ತಿರುಗಿದರು. ಈಗ ಆ ದೇಶದ ದೊಡ್ಡ ರಫ್ತು ಹಾಲಿನ ಪದಾರ್ಥಗಳೇ.

ಮಾನ್ಯರೇ, ಇಷ್ಟು ಹೇಳಿದ ಮೇಲೆ ನಾನು ಕೇಳುವುದನ್ನು ನೇರವಾಗಿ ಕೇಳುತ್ತೇನೆ.

ಪ್ರತಿ ಲೈಸೆನ್ಸಿನ ನಿಯಮದ ಮೊದಲ ಸಾಲಿನಲ್ಲೇ ಅದು ಯಾವ ಹಾನಿಯನ್ನು ತಡೆಯುತ್ತದೆ ಅಂತ ಬರೆಯಿರಿ. ಸುಮ್ನೆ ‘ಸಾರ್ವಜನಿಕ ಹಿತದೃಷ್ಟಿಯಿಂದ’ ಅಂತಲ್ಲ. ಯಾರಿಗೆ, ಏನು ಹಾನಿ, ಅದು ತಿದ್ದಬಹುದಾದದ್ದೇ ಅಲ್ಲವೇ ಅಂತ ಬರೆಯಬೇಕು. ಬರೆಯಲು ಆಗದಿದ್ದರೆ ಆ ಲೈಸೆನ್ಸ್ ಬೇಡ. ತಿದ್ದಬಹುದಾದ ಹಾನಿಗೆ ಮೊದಲೇ ಅನುಮತಿ ಕೇಳಬೇಡಿ. ಮಾಡಲು ಬಿಡಿ, ಹಾನಿ ಮಾಡಿದರೆ ಬೇಗ ಮತ್ತು ಬಿಗಿಯಾಗಿ ಶಿಕ್ಷಿಸಿ. ಅದಕ್ಕೆ ಕೋರ್ಟು ಚುರುಕಾಗಬೇಕು. ಲೈಸೆನ್ಸ್ ಕಚೇರಿಗೆ ಹಾಕುವ ಹಣವನ್ನು ಕೋರ್ಟಿಗೆ ಹಾಕಿ.

ಅನುಮತಿ ಬೇಕೇ ಬೇಕು ಅನ್ನುವ ಕಡೆ ದಿನ ಗೊತ್ತುಮಾಡಿ. ಆ ದಿನದೊಳಗೆ ಕಾರಣ ಬರೆದು ನಿರಾಕರಿಸದಿದ್ದರೆ ಅನುಮತಿ ಸಿಕ್ಕಂತೆ ಅಂತ ಕಾನೂನಿನಲ್ಲೇ ಹೇಳಿ. ಲೈಸೆನ್ಸ್ ಕೊಡುವ ಮಂಡಳಿಗಳಲ್ಲಿ ಅದೇ ಉದ್ಯಮದವರ ಬಹುಮತ ಇರಬಾರದು. ಹಳಬರ ಆಕ್ಷೇಪಣೆಯಲ್ಲಿ ‘ನಮ್ಮ ವ್ಯಾಪಾರಕ್ಕೆ ಪೆಟ್ಟು’ ಅನ್ನುವುದನ್ನು ಕಾರಣ ಅಂತ ಎಣಿಸಬಾರದು. ಯಾವ ನಿಯಮಕ್ಕೂ ಹತ್ತು ವರ್ಷಕ್ಕಿಂತ ಜಾಸ್ತಿ ಆಯಸ್ಸು ಬೇಡ. ಬೇಕಾದರೆ ಸದನದಲ್ಲಿ ಮತ್ತೆ ಮಂಡಿಸಿ, ಮತ್ತೆ ಮತ ಕೇಳಿ. ಒಂದೊಂದು ಕಂಪನಿಯನ್ನು ಆರಿಸಿ ಕೊಡುವ ಸಬ್ಸಿಡಿ, ತೆರಿಗೆ ರಿಯಾಯಿತಿ ನಿಲ್ಲಿಸಿ. ಆ ಹಣದಲ್ಲಿ ಎಲ್ಲರ ತೆರಿಗೆಯನ್ನು ಒಂದೇ ಸಮ ಇಳಿಸಿ.

ಇಷ್ಟೂ ಒಟ್ಟಿಗೆ ಆಗಲಿಕ್ಕಿಲ್ಲ, ನನಗೆ ಗೊತ್ತು. ಒಂದೇ ಒಂದನ್ನು ಈ ವರ್ಷವೇ ಮಾಡಬಹುದು. ನಿಮ್ಮ ಅರ್ಜಿ ನಮೂನೆಗಳಲ್ಲಿ ‘ಉತ್ಪನ್ನದ ವರ್ಗ’ ಇರುವ ಕಡೆ ‘ಮೇಲಿನ ಯಾವುದೂ ಅಲ್ಲ’ ಅನ್ನುವ ಒಂದು ಕಾಲಂ ಸೇರಿಸಿ. ಅದಕ್ಕೆ ಗುರುತು ಹಾಕಿದವರಿಗೆ ಹಳೆಯ ವರ್ಗಗಳ ಷರತ್ತು ಅನ್ವಯಿಸುವುದಿಲ್ಲ, ಹಾನಿಯಾದರೆ ಹೊಣೆ ಮಾತ್ರ ಇರುತ್ತದೆ ಅಂತ ಕೆಳಗೆ ಒಂದು ಸಾಲು ಬರೆಯಿರಿ. ಇದಕ್ಕೆ ಸಮಿತಿ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಆ ಹುಡುಗನ ಅರ್ಜಿಯ ಪ್ರತಿ ಇನ್ನೂ ನನ್ನ ಕಪಾಟಿನಲ್ಲಿದೆ. ನೀವು ಕರೆದರೆ ಆ ಕಡತವನ್ನು ಷರಾಗಳ ಸಮೇತ ತಂದು ನಿಮ್ಮ ಮೇಜಿನ ಮೇಲಿಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಅರ್ಜಿ ತುಂಬಿಕೊಡುವವನು